ಬಾಟ್ ವೋರಿಸ್‌ಹೋಫನ್‌ನ ತಣ್ಣೀರು

ಜರ್ಮನಿಯ ಮ್ಯೂನಿಕ್‌ನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಬಾಟ್ ವೋರಿಸ್‌ಹೋಫನ್ ಸಿಗುತ್ತದೆ. ಸಣ್ಣ ಊರು, ಆದರೆ ತಣ್ಣೀರ ಚಿಕಿತ್ಸೆಗೆ ದೊಡ್ಡ ಹೆಸರು.

ಇದಕ್ಕೆಲ್ಲ ಕಾರಣ ಸೆಬಾಸ್ಟಿಯನ್ ಕ್ನೈಪ್ ಎಂಬ ಪಾದ್ರಿ. ಬಡ ನೇಕಾರನ ಮಗ. ಓದುವಾಗ ಕ್ಷಯ ಹಿಡಿಯಿತು. 1849ರ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿಗಿಳಿದು ಮುಳುಗೇಳತೊಡಗಿದರು. ಗುಣವಾದದ್ದು ಅದರಿಂದಲೇ ಎಂದು ಕೊನೆವರೆಗೂ ನಂಬಿದ್ದರು. ನಾನು ಹಾಗೆ ನಂಬಲಾರೆ. ಕ್ಷಯಕ್ಕೆ ಮಾತ್ರೆಯೇ ಬೇಕು. 1855ರಲ್ಲಿ ಅವರು ಇಲ್ಲಿನ ಸನ್ಯಾಸಿನಿಯರ ಮಠಕ್ಕೆ ಬಂದರು. ಆ ಮಠದಲ್ಲೇ ಈಗ ಅವರ ಮ್ಯೂಸಿಯಂ ಇದೆ. ರೋಗಿಗಳ ಕಾಲಿಗೆ, ಬೆನ್ನಿಗೆ ಅವರು ನೀರು ಸುರಿಯುತ್ತಿದ್ದದ್ದು ತೋಟಕ್ಕೆ ನೀರು ಹಾಕುವ ಸಾದಾ ಕ್ಯಾನಿನಿಂದ!

ಪಾರ್ಕಿನಲ್ಲಿ ಮೊಣಕಾಲುದ್ದದ ನೀರಿನ ತೊಟ್ಟಿ, ಹಿಡಿದುಕೊಳ್ಳಲು ಕಂಬಿ. ನಾನು ಶೂ ಬಿಚ್ಚುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು, "ಪಾದ ಬೆಚ್ಚಗಿದೆಯಾ? ಇಲ್ಲದಿದ್ದರೆ ಒಂದು ಸುತ್ತು ನಡೆದು ಬನ್ನಿ." ತಣ್ಣಗಿರುವ ಮೈಗೆ ತಣ್ಣೀರು ಕೂಡದು, ಅದೇ ಮೊದಲ ನಿಯಮ. ನಡೆದು ಬಂದು ಇಳಿದೆ. ಕೊಕ್ಕರೆಯ ಹಾಗೆ ಪ್ರತಿ ಹೆಜ್ಜೆಗೂ ಕಾಲನ್ನು ಪೂರ್ತಿ ನೀರಿನಿಂದ ಮೇಲೆತ್ತಬೇಕು. ಅರ್ಧ ನಿಮಿಷಕ್ಕೇ ಮೀನಖಂಡ ಕೊರೆಯತೊಡಗಿತು. ಕೊರೆದರೆ ಸಾಕು, ಹೊರಗೆ ಬಂದುಬಿಡಬೇಕು. ಟವೆಲಿನಿಂದ ಒರೆಸುವ ಹಾಗಿಲ್ಲ. ನೀರನ್ನು ಕೈಯಲ್ಲೇ ಜಾಡಿಸಿ, ಸಾಕ್ಸ್ ಹಾಕಿ ನಡೆಯಬೇಕು. ನಡೆದೆ. ಸ್ವಲ್ಪ ಹೊತ್ತಿಗೆ ಪಾದಗಳಲ್ಲಿ ಎಂಥ ಬಿಸಿ ಅಂತೀರಿ!

ನಮ್ಮ ಪ್ರಕೃತಿ ಚಿಕಿತ್ಸೆಗೂ ಜರ್ಮನಿಗೂ ಹಳೇ ನಂಟಿದೆ. ಮಗ ಮಣಿಲಾಲ್‌ಗೆ ಟೈಫಾಯ್ಡ್ ಬಂದಾಗ ಗಾಂಧೀಜಿ ಮಾಡಿಸಿದ್ದು ಲೈಪ್‌ಜಿಗ್‌ನ ಲೂಯಿ ಕೂನೆ ಪದ್ಧತಿಯ ಸೊಂಟದ ಸ್ನಾನ.

ಕ್ನೈಪ್ ಮೇಲೆ ಶುರುವಿನಲ್ಲಿ ವೈದ್ಯರು, ಔಷಧಿ ಅಂಗಡಿಯವರು ದೂರು ಕೊಟ್ಟಿದ್ದರು. ಆಮೇಲೆ ವೈದ್ಯರೇ ಜೊತೆಗೂಡಿ 1894ರಲ್ಲಿ ಕ್ನೈಪ್ ಪದ್ಧತಿಯ ವೈದ್ಯರ ಸಂಘ ಕಟ್ಟಿದರು. ಇದು ನನಗೆ ತುಂಬಾ ಹಿಡಿಸಿತು. ಯಾಕೆಂದರೆ ಇದೇ ದೇಶದಲ್ಲಿ 1939ರ ಕಾನೂನಿನ ಪ್ರಕಾರ ವೈದ್ಯ ಪದವಿ ಇಲ್ಲದವರೂ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು 'ಹೈಲ್‌ಪ್ರಾಕ್ಟಿಕರ್' (ಪರ್ಯಾಯ ಚಿಕಿತ್ಸಕ) ಎಂದು ಬೋರ್ಡ್ ಹಾಕಬಹುದು. ಗಂಭೀರ ಕಾಯಿಲೆಯವರು ಡಾಕ್ಟರನ್ನು ಬಿಟ್ಟು ಅಲ್ಲೇ ಕಾಲ ಕಳೆದರೆ ಏನು ಗತಿ, ಅಲ್ವಾ?

ಪಕ್ಕದಲ್ಲೇ ಕೈ ಮುಳುಗಿಸುವ ತೊಟ್ಟಿಯೂ ಇತ್ತು. ಅದನ್ನೂ ನೋಡೋಣ ಎಂದು ತೋಳು ಮಡಚಿದೆ. ಆ ಹೆಂಗಸು ತಲೆಯಾಡಿಸಿದರು. "ಎರಡನ್ನೂ ಒಟ್ಟಿಗೆ ಮಾಡಬಾರದು. ಊಟ ಮಾಡಿ, ಸಂಜೆ ಬನ್ನಿ."