ನಲವತ್ತು ಲೀಟರ್ ನೀರು, ಇಬ್ಬರು, ಒಂದು ಟೆಂಟು

ನಮ್ಮನೆಯಲ್ಲಿ ಈಗ ಜಗಳ ಆಗುವುದು ನೀರಿಗೆ. ತಿರುಗಿಸಿದ ತಕ್ಷಣ ನಲ್ಲಿಯಲ್ಲಿ ನೀರು ಬರುವ ಮೆಲ್ಬರ್ನ್‌ನಲ್ಲಿ ಕೂತು ನೀರಿಗೆ ಕಿತ್ತಾಡುವ ಗಂಡ ಹೆಂಡತಿ ನಾವಿಬ್ಬರೇ ಇರಬೇಕು.

ನಾನು ಚಳ್ಳಕೆರೆ ಕಡೆಯವಳು. ನೀರು ಬಿಡುವ ದಿನ ಶಾಲೆಗೆ ತಡವಾಗಿ ಹೋದರೆ ಬೈಯುವವರು ಇರಲಿಲ್ಲ. ಮೇಷ್ಟ್ರ ಮನೆಯಲ್ಲೂ ಅದೇ ಕತೆ. ಇವರು ಶಿರಸಿ ಕಡೆಯವರು. ಅವರ ಮನೆ ಹಿಂದೆ ಗುಡ್ಡದಿಂದ ಅಬ್ಬಿ ನೀರು ಹಗಲೂ ರಾತ್ರಿ ಸುಮ್ನೆ ಬೀಳುತ್ತಲೇ ಇರುತ್ತದೆ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ ಎದ್ದು ಹೋಗಿ ನಿಲ್ಲಿಸಬಾರದಾ ಅನ್ನಿಸುತ್ತಿತ್ತು.

ಈಗ ನಾವಿಬ್ಬರೂ ಸೇರಿ ಆಸ್ಟ್ರೇಲಿಯಾಕ್ಕೆ ಒಂದು ಸುತ್ತು ಹಾಕುವುದೆಂದು ಹೊರಟಿದ್ದೇವೆ. ಇಲ್ಲಿಯವರು ಇದನ್ನು 'ಬಿಗ್ ಲ್ಯಾಪ್' ಅನ್ನುತ್ತಾರೆ. 'ಹೈವೇ 1' ಅನ್ನುವ ರಸ್ತೆ ಹಿಡಿದು ದೇಶದ ಅಂಚಲ್ಲೇ ಸುತ್ತಿ ಬಂದರೆ ಸುಮಾರು 14,500 ಕಿಲೋಮೀಟರ್. ಇಷ್ಟು ರಜೆ ಎಲ್ಲಿಂದ ಬಂತು ಅಂತ ಊರಿನ ಗೆಳತಿಯರೆಲ್ಲ ಕೇಳುತ್ತಿದ್ದಾರೆ. ವಿಕ್ಟೋರಿಯಾದಲ್ಲಿ ಒಂದೇ ಕಡೆ 7 ವರ್ಷ ಕೆಲಸ ಮಾಡಿದರೆ ಸಂಬಳದ ಜೊತೆ ಆರು ವಾರ ಚಿಲ್ಲರೆ ರಜೆ ಸಿಗುತ್ತದೆ. ಅರ್ಧ ಸಂಬಳ ಸಾಕು ಅಂದರೆ ಅದನ್ನೇ ಎರಡರಷ್ಟು ಮಾಡಿಕೊಡಿ ಎಂದು ಕೇಳಬಹುದು. ನಾವು ಕೇಳಿದೆವು, ಇಬ್ಬರಿಗೂ ಸಿಕ್ಕಿತು. ಮೇ ತಿಂಗಳಲ್ಲಿ ಹೊರಡುತ್ತೇವೆ. ಅದಕ್ಕೂ ಮುಂಚೆ ಹೋದರೆ ಉತ್ತರದಲ್ಲಿ ಮಳೆ ನೀರು ಇನ್ನೂ ಇಳಿದಿರುವುದಿಲ್ಲ, ರಸ್ತೆಗಳು ಮುಚ್ಚಿರುತ್ತವೆ.

ಆದರೆ ಒಂದು ವಿಷಯ ಇತ್ತು. ನಮ್ಮಿಬ್ಬರಲ್ಲಿ ಯಾರೂ ಅಲ್ಲಿಯವರೆಗೆ ಟೆಂಟಿನಲ್ಲಿ ಮಲಗಿದವರಲ್ಲ. ಬಯಲಲ್ಲಿ ಮಲಗುವುದು ನಮ್ಮ ಊರಲ್ಲಿ ಕುರಿ ಕಾಯುವವರ ಕೆಲಸ, ಬೇಸಿಗೆಯಲ್ಲಿ ಕರೆಂಟ್ ಹೋದವರ ಕೆಲಸ. ದುಡ್ಡು ಕೊಟ್ಟು ಯಾರಾದರೂ ಹಾಗೆ ಮಲಗುತ್ತಾರಾ? ಅತ್ತೆ ಫೋನಿನಲ್ಲಿ ಕೇಳಿದ್ದೂ ಅದನ್ನೇ. "ಅಷ್ಟು ಸಾಲ ಮಾಡಿ ಮನೆ ತಗೊಂಡಿದ್ದು ಎಂತಕ್ಕೆ ಮತ್ತೆ?" ಇದಕ್ಕೆ ಇವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಹಾಗಾಗಿ ಕಳೆದ ಒಂದು ವರ್ಷದಿಂದ ನಾವು ಮಾಡುತ್ತಿರುವುದು ಅಭ್ಯಾಸ. ತಿಂಗಳಿಗೆ ಒಂದು ಸಲವಾದರೂ ಎಲ್ಲಾದರೂ ಹೋಗಿ ಒದ್ದಾಡಿ ಬರುವುದು.

ಮೊದಲು ಹೋಗಿದ್ದು ವಿಲ್ಸನ್ಸ್ ಪ್ರೊಮೊಂಟರಿಗೆ. ಎಲ್ಲರೂ 'ದಿ ಪ್ರಾಮ್' ಅಂತಲೇ ಕರೆಯುತ್ತಾರೆ. ಮೆಲ್ಬರ್ನ್‌ನಿಂದ ಮೂರು ಗಂಟೆ ದಾರಿ, ಟೈಡಲ್ ರಿವರ್ ಅನ್ನುವ ಜಾಗದಲ್ಲಿ ದೊಡ್ಡ ಕ್ಯಾಂಪಿಂಗ್ ಬಯಲು. ಅಲ್ಲಿ ಸಂಜೆಯಾದರೆ ವಾಂಬ್ಯಾಟ್ ಅನ್ನುವ ಪ್ರಾಣಿಗಳು ಟೆಂಟುಗಳ ಮಧ್ಯೆ ತಮ್ಮದೇ ಹಿತ್ತಲು ಅನ್ನುವ ಹಾಗೆ ಓಡಾಡುತ್ತವೆ. ನೋಡಲು ಗುಂಡು ಗುಂಡಾಗಿ ಮುದ್ದಾಗಿರುತ್ತವೆ. ತಿಂಡಿ ವಾಸನೆ ಬಂದರೆ ಮಾತ್ರ ಟೆಂಟಿನ ಬಟ್ಟೆ ಹರಿದುಕೊಂಡೇ ಒಳಗೆ ಬರುತ್ತವೆ. ಊಟದ ಸಾಮಾನೆಲ್ಲ ಕಾರಿನಲ್ಲಿಡಿ ಎಂದು ಬೋರ್ಡೇ ಹಾಕಿದ್ದರು.

ಟೆಂಟು ಕಟ್ಟಲು ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಅದಿರಲಿ. ಮರುದಿನ ಬೆಳಗ್ಗೆ ನಾನು ಎಂದಿನಂತೆ ಆರೂವರೆಗೆ ಎದ್ದು ಪುಟ್ಟ ಗ್ಯಾಸ್ ಒಲೆ ಹಚ್ಚಿ ಪೊಂಗಲ್‌ಗೆ ಕುಕ್ಕರ್ ಇಟ್ಟೆ. ಇಡೀ ಬಯಲು ಮಲಗಿತ್ತು. ಕುಕ್ಕರ್ ಕೂಗಿತು. ಮನೆಯಲ್ಲಿ ಅದು ಕೂಗಿದ್ದು ಕಿವಿಗೇ ಬೀಳುವುದಿಲ್ಲ ನೋಡಿ. ಅಲ್ಲಿ ಮಾತ್ರ ರೈಲು ಬಂದ ಹಾಗಾಯಿತು. ಅಕ್ಕಪಕ್ಕದ ನಾಲ್ಕು ಟೆಂಟುಗಳ ಜಿಪ್ಪು ಒಟ್ಟಿಗೆ ತೆರೆದುಕೊಂಡವು. ನಾನು ಗಾಬರಿಯಲ್ಲಿ ಒಲೆ ಆರಿಸಿ ಕುಕ್ಕರ್ ಮೇಲೆ ಟವೆಲ್ ಮುಚ್ಚಿದೆ, ಅಷ್ಟರಲ್ಲಿ ಅದು ಇನ್ನೊಂದು ಸಲ ಕೂಗಿತು.

ಪಕ್ಕದ ಕ್ಯಾರವಾನಿನಿಂದ ಒಬ್ಬ ಅಜ್ಜ ಅಜ್ಜಿ ನಗುತ್ತಾ ಬಂದರು. ಬೈಯಲು ಬಂದರೆಂದುಕೊಂಡೆ. ಅವರು ಬಂದಿದ್ದು ಅದೇನು ಯಂತ್ರ ಅಂತ ನೋಡಲು. ನಿವೃತ್ತಿಯಾದ ಮೇಲೆ ವರ್ಷಗಟ್ಟಲೆ ರಸ್ತೆ ಮೇಲೇ ಇರುವ ಇಂಥವರಿಗೆ ಇಲ್ಲಿ 'ಗ್ರೇ ನೋಮ್ಯಾಡ್' ಅನ್ನುವ ಹೆಸರಿದೆ. ಎರಡು ಸಲ ದೇಶ ಸುತ್ತಿದ್ದರಂತೆ. ಪೊಂಗಲ್ ತಿಂದ ಋಣಕ್ಕೆ ಅಜ್ಜ ಅರ್ಧ ದಿನ ಪಾಠ ಮಾಡಿದರು. ಲಾರಿಯವರ ಜೊತೆ ಮಾತಾಡಲು ರೇಡಿಯೋ ಹಾಕಿಸಿಕೊಳ್ಳಿ, ಚಾನೆಲ್ 40 ಇಟ್ಟಿರಿ. ರೋಡ್ ಟ್ರೈನ್ ಅಂದರೆ ಒಂದರ ಹಿಂದೊಂದು ಟ್ರೇಲರ್ ಕಟ್ಟಿದ ಲಾರಿ, 53.5 ಮೀಟರ್ ಉದ್ದದವರೆಗೂ ಇರುತ್ತದೆ, ಹಿಂದೆ ಹಾಕುವಾಗ ಎದುರಿನ ರಸ್ತೆ ಖಾಲಿ ಇದೆ ಅಂದುಕೊಂಡದ್ದಕ್ಕಿಂತ ಎರಡರಷ್ಟು ಖಾಲಿ ಇರಬೇಕು. ಹೊತ್ತು ಮುಳುಗುವಾಗ ಗಾಡಿ ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತವೆ. ಕೊನೆಗೆ ಎದ್ದು ಹೋಗುವಾಗ ಅಜ್ಜಿ ಹೇಳಿದ್ದು ಒಂದೇ ಮಾತು. ನೀರು ಎಷ್ಟು ಬೇಕು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಬೇಡಿ, ನೀರಿಲ್ಲದ ಕಡೆ ಮೂರು ದಿನ ಇದ್ದು ನೋಡಿ.

ಇವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಇವರ ತಲೆಯಲ್ಲಿ ಆಗಲೇ ಎರಡನೇ ಬ್ಯಾಟರಿ, ಫ್ರಿಜ್ಜು, ಸೋಲಾರ್ ಓಡುತ್ತಿತ್ತು.

ಚಳಿಗಾಲದಲ್ಲಿ ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋದೆವು. ಮೂಲನಿವಾಸಿಗಳ ಹೆಸರಲ್ಲಿ ಗರಿವರ್ಡ್. ಪಿನಕಲ್ ಹತ್ತಿದ್ದು, ಹಾಲ್ಸ್ ಗ್ಯಾಪ್‌ನಲ್ಲಿ ಕಾಂಗರೂಗಳು ದನ ಮೇಯುವ ಹಾಗೆ ಮೇಯುತ್ತಿದ್ದದ್ದು, ಎಲ್ಲ ಫೋಟೋದಲ್ಲಿದೆ. ಫೋಟೋದಲ್ಲಿ ಇಲ್ಲದ್ದು ರಾತ್ರಿ. ಗಾಳಿ ತುಂಬಿದ ಹಾಸಿಗೆ ಮೇಲೆ ದುಬಾರಿ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದ್ದೆವು, ಆದರೂ ನೆಲದ ಚಳಿ ಬೆನ್ನಿಗೆ ಐಸ್ ಇಟ್ಟ ಹಾಗೆ ಬರುತ್ತಿತ್ತು. ಒಳಗಿನ ಗಾಳಿಯೇ ತಣ್ಣಗಾದರೆ ಮೇಲೆ ಎಷ್ಟು ಹೊದ್ದರೆ ಏನು? ಮುಂದಿನ ಸಲ ಊರಿಗೆ ಹೋದಾಗ ಅವ್ವನ ಪೆಟ್ಟಿಗೆಯಿಂದ ಚಳ್ಳಕೆರೆ ಕಂಬಳಿ ತೆಗೆದುಕೊಂಡು ಬಂದೆ. ಏರ್‌ಪೋರ್ಟಿನಲ್ಲಿ ಉಣ್ಣೆ ಅಂತ ಬರೆದು ಕೊಟ್ಟೆ, ಆಫೀಸರು ಬಿಡಿಸಿ, ಕೊಡವಿ, ವಾಸನೆ ನೋಡಿ, ವಾಪಸ್ ಕೊಟ್ಟರು. ಈಗ ಅದು ಹಾಸಿಗೆಗೂ ನಮಗೂ ಮಧ್ಯೆ ಇರುತ್ತದೆ. ಚುಚ್ಚುತ್ತದೆ, ನಿಜ. ಬೆಚ್ಚಗಿರುತ್ತದೆ.

ನೀರಿನ ಪಾಠ ಆಗಿದ್ದು ಮಂಗೋದಲ್ಲಿ.

ಮಂಗೋ ನ್ಯಾಷನಲ್ ಪಾರ್ಕ್ ಇರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ. ನಾವು ಹೋಗಿದ್ದು ಮಾರ್ಚ್‌ನ ಲೇಬರ್ ಡೇ ರಜೆಗೆ, ಹಿಂದೊಂದು ಮುಂದೊಂದು ದಿನ ಸೇರಿಸಿಕೊಂಡು. ಮಿಲ್ಡುರಾ ದಾಟಿದ ಮೇಲೆ ನೂರಕ್ಕೂ ಜಾಸ್ತಿ ಕಿಲೋಮೀಟರ್, ಬಹುಪಾಲು ಮಣ್ಣಿನ ರಸ್ತೆ. ಮಳೆ ಬಂದರೆ ಅದೂ ಬಂದ್. ಅಲ್ಲಿ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ. ಕುಡಿಯುವ ನೀರು ನೀವೇ ತನ್ನಿ ಅನ್ನುತ್ತಾರೆ. ನಮ್ಮ ಹತ್ತಿರ 20 ಲೀಟರಿನ ಎರಡು ಕ್ಯಾನ್ ಇದ್ದವು. ನನ್ನ ಲೆಕ್ಕ ಹೀಗಿತ್ತು: ಕುಡಿಯಲು ಒಬ್ಬರಿಗೆ ದಿನಕ್ಕೆ 4 ಲೀಟರ್, ಇಬ್ಬರಿಗೆ ಮೂರು ದಿನಕ್ಕೆ 24. ಅಡುಗೆ, ಪಾತ್ರೆ, ಮುಖ ತೊಳೆಯಲು ದಿನಕ್ಕೆ 5. ಒಟ್ಟು 39. ಒಂದು ಲೀಟರ್ ದೇವರಿಗೆ.

ಆ ರಸ್ತೆಯ ಬಗ್ಗೆ ಹೇಳಲೇಬೇಕು. ಹೊಲ ಉತ್ತು ಸಾಲು ಬಿಟ್ಟಿರುತ್ತಾರಲ್ಲ, ಆ ಸಾಲುಗಳ ಮೇಲೆ ಅಡ್ಡಡ್ಡ ಗಾಡಿ ಓಡಿಸಿದ ಹಾಗೆ. ಚಕ್ರದ ಗಾಳಿ ಸ್ವಲ್ಪ ಇಳಿಸಿಕೊಂಡು ಹೋದೆವು, ಆದರೂ ಹಲ್ಲು ಕಟಕಟ ಅನ್ನುತ್ತಿತ್ತು. ಮಾತಾಡಿದರೆ ದನಿ ನಡುಗುತ್ತಿತ್ತು. ಆ ಕುಲುಕಾಟದಲ್ಲಿ ಎಲ್ಲೋ ಒಂದು ಕಡೆ ಫ್ರಿಜ್ಜಿನ ಪ್ಲಗ್ ಕಳಚಿಕೊಂಡಿತ್ತು. ನಮಗೆ ಗೊತ್ತಾಗಲಿಲ್ಲ.

ಫ್ರಿಜ್ಜಿನೊಳಗೆ ಎರಡು ಲೀಟರ್ ದೋಸೆ ಹಿಟ್ಟಿತ್ತು.

ಹೊರಗೆ ಒಳ್ಳೇ ಬಿಸಿಲು. ಸಂಜೆ ಟೆಂಟು ಕಟ್ಟಿ (ಈಗ ಹದಿನೈದು ನಿಮಿಷ ಸಾಕು) ಇವರು ತಣ್ಣಗೆ ಏನಾದರೂ ಕುಡಿಯೋಣ ಎಂದು ಮುಚ್ಚಳ ತೆಗೆದರು. ತೆಗೆದವರು ಮಾತಾಡಲಿಲ್ಲ. ನಾನು ಹೋಗಿ ಬಗ್ಗಿ ನೋಡಿದೆ. ಹಿಟ್ಟು ಚೆನ್ನಾಗಿಯೇ ಉಬ್ಬಿತ್ತು. ಮೆಲ್ಬರ್ನ್ ಚಳಿಯಲ್ಲಿ ಓವನ್ನಿನ ದೀಪ ಹಾಕಿ ಎರಡು ದಿನ ಕಾದರೂ ಹಾಗೆ ಉಬ್ಬಿದ್ದಿಲ್ಲ. ಡಬ್ಬಿಯ ಮುಚ್ಚಳ ಒಂದು ಮೂಲೆಯಲ್ಲಿ, ಹಿಟ್ಟು ಎಲ್ಲ ಮೂಲೆಗಳಲ್ಲಿ. ಸೌತೆಕಾಯಿ, ಮೊಸರಿನ ಡಬ್ಬಿ, ಕೊತ್ತಂಬರಿ ಸೊಪ್ಪು ಎಲ್ಲದಕ್ಕೂ ಬಿಳಿ ನೊರೆ. ಹುಳಿ ವಾಸನೆಗೆ ಆ ಕಡೆಯ ನೊಣಗಳೆಲ್ಲ ಬಂದವು. ಆಸ್ಟ್ರೇಲಿಯಾದ ಒಳನಾಡಿನ ನೊಣಗಳು ಕಣ್ಣು, ಮೂಗು, ಬಾಯಿ ಏನನ್ನೂ ಬಿಡುವುದಿಲ್ಲ.

ನಾನು ಪೇಪರ್ ಹುಡುಕಲು ಹೋಗಿ ಬರುವಷ್ಟರಲ್ಲಿ ಇವರು ಕ್ಯಾನಿನ ನಲ್ಲಿ ತಿರುಗಿಸಿ ಫ್ರಿಜ್ಜಿಗೆ ನೀರು ಬಿಡುತ್ತಿದ್ದರು. ಚೊಂಬಲ್ಲಿ ಅಲ್ಲ, ನೇರ.

"ರೀ! ಏನು ಮಾಡ್ತಿದೀರಿ?"

"ತೊಳೀತಿದೀನಿ ಕಣೇ. ಇನ್ನೇನು ಮಾಡ್ಲಿ?"

ಏಳು ಲೀಟರ್ ಹೋಗಿತ್ತು. ಕ್ಯಾನಿನ ಪಕ್ಕದ ಗೆರೆ ನೋಡಿಯೇ ಹೇಳುತ್ತಿದ್ದೇನೆ. ಮಿಕ್ಕಿದ್ದನ್ನು ನಾನು ಮಾಡಿದೆ. ಪೇಪರಿನಿಂದ ಬಳಿದೆ, ಹಳೇ ಟವೆಲ್ಲಿಗೆ ಒಂದು ಲೋಟ ನೀರು ಹಾಕಿ ಹಿಂಡಿ ಒರೆಸಿದೆ. ಡಬ್ಬಿಯನ್ನು ಹಿಂದಿನವರು ಉರಿಸಿ ಹೋದ ಒಲೆಗುಂಡಿಯ ತಣ್ಣನೆ ಬೂದಿ ಹಾಕಿ ತಿಕ್ಕಿದೆ. ನಮ್ಮಜ್ಜಿ ಪಾತ್ರೆ ತಿಕ್ಕುತ್ತಿದ್ದದ್ದೇ ಹಾಗೆ. ಕೊನೆಗೆ ಅರ್ಧ ಲೋಟದಲ್ಲಿ ತೊಳೆದೆ. ಇವರು ದೂರ ನಿಂತು ನೋಡುತ್ತಿದ್ದರು. ಬೂದಿಯಲ್ಲಿ ತಿಕ್ಕಿದ್ದು ಅಷ್ಟು ಹೊಳೆಯುತ್ತದೆ ಅಂತ ಇವರಿಗೆ ಗೊತ್ತಿರಲಿಲ್ಲವಂತೆ. ಆ ರಾತ್ರಿ ಮಾತಿಲ್ಲ, ಒಲೆಯೂ ಇಲ್ಲ. ಹುರಿಹಿಟ್ಟಿಗೆ ಬೆಲ್ಲ, ಹಾಲಿನ ಪುಡಿ, ಒಂದಿಷ್ಟು ನೀರು ಹಾಕಿ ಕಲಸಿ ತಿಂದೆವು. ಪಾತ್ರೆ ತೊಳೆಯುವ ಕೆಲಸ ಇಲ್ಲದ ಊಟ. ಬೆರಳು ನೆಕ್ಕಿದರೆ ಮುಗಿಯಿತು.

ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲೇ ಕೆರೆ ನೋಡಲು ಹೋದೆವು. ಕೆರೆ ಅಂದರೆ ನೀರಿಲ್ಲದ ಕೆರೆ. ಒಂದು ಕಾಲದಲ್ಲಿ ಇಲ್ಲಿ ಮೀನಿತ್ತು, ದಡದಲ್ಲಿ ಜನ ಇದ್ದರು. ನೀರು ಬತ್ತಿ ಹತ್ತು ಸಾವಿರ ವರ್ಷಗಳಿಗಿಂತ ಜಾಸ್ತಿ ಆಯಿತು. ಈಗ ಇರುವುದು ಕುರುಚಲು ಗಿಡ, ಅಂಚಿನಲ್ಲಿ ಗಾಳಿ ಕೆತ್ತಿದ ಮರಳಿನ ದಿಬ್ಬ. 1968ರಲ್ಲಿ ಜಿಮ್ ಬೌಲರ್ ಎಂಬ ಭೂವಿಜ್ಞಾನಿಗೆ ಆ ದಿಬ್ಬದಲ್ಲಿ ಸುಟ್ಟ ಮೂಳೆಗಳು ಕಂಡವು. ಒಬ್ಬ ಹೆಣ್ಣುಮಗಳದ್ದು. ಸುಮಾರು 42,000 ವರ್ಷ ಹಿಂದೆ ಅವಳ ಜನ ಅವಳನ್ನು ದಹನ ಮಾಡಿ ಹೂತಿದ್ದರು. ಮಂಗೋ ಲೇಡಿ ಅನ್ನುತ್ತಾರೆ. 1992ರಲ್ಲಿ ಅವಳನ್ನು ಅಲ್ಲಿನ ಮೂಲನಿವಾಸಿ ಹಿರಿಯರಿಗೆ ಮರಳಿಸಿದರು. ಆ ದಿಬ್ಬದ ಮೇಲೆ ಮಾರ್ಗದರ್ಶಿ ಇಲ್ಲದೆ ನಡೆಯುವ ಹಾಗಿಲ್ಲ, ಹಲಗೆಯ ದಾರಿಯ ತುದಿಯವರೆಗೆ ಹೋಗಿ ನಿಂತೆವು.

ನನಗೆ ಅದು ಹೊಸ ಜಾಗ ಅನ್ನಿಸಲೇ ಇಲ್ಲ. ಒಣಗಿದ ಕೆರೆ ಅಂಗಳದಲ್ಲಿ ಆಡಿ ಬೆಳೆದವಳು ನಾನು. ನಮ್ಮ ಕಡೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲಿ. ಅಜ್ಜಿ ಕೋಡಿ ಬಿದ್ದ ಕತೆ ಹೇಳುತ್ತಿದ್ದರು, ನಾವು ನಂಬುತ್ತಿರಲಿಲ್ಲ. ಇದನ್ನೆಲ್ಲ ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಕೋಡಿ ಅಂದ್ರೆ ಹಬ್ಬ ಅಲ್ಲ, ತೋಟ ಕೊಚ್ಚಿ ಹೋಗೋದು" ಅಂದರು. ಅದೂ ಹೌದು.

ಮೂರನೇ ದಿನದ ಕೊನೆಗೆ ನಮ್ಮ ಹತ್ತಿರ ಎರಡು ಲೀಟರ್ ಉಳಿದಿತ್ತು. ಪಾತ್ರೆ ತೊಳೆದಿದ್ದೇ ಕಡಿಮೆ, ಸ್ನಾನ ಅಂದರೆ ಒದ್ದೆ ಬಟ್ಟೆ. ಇವರು ಹಲ್ಲುಜ್ಜಿ ಒಂದು ಲೋಟದಲ್ಲಿ ಬಾಯಿ ಮುಕ್ಕಳಿಸಿದ್ದನ್ನು ನಾನು ಫೋಟೋ ತೆಗೆದು ಅತ್ತೆಗೆ ಕಳಿಸಿದೆ. ಅತ್ತೆ ಪಾಪ, ಮಗನಿಗೆ ಹುಷಾರಿಲ್ಲವಾ ಎಂದು ಕೇಳಿದರು.

ಈಗ ಹೊರಡಲು ಮೂರು ವಾರ ಇದೆ. ಮುಂದೆ ಇರುವುದು ನಲ್ಲರ್‌ಬೋರ್ ಬಯಲು. ಆ ಹೆಸರಿನ ಅರ್ಥವೇ ಮರ ಇಲ್ಲದ್ದು. ಅಲ್ಲಿ ಬಲಡೋನಿಯಾ, ಕೈಗೂನ ಅನ್ನುವ ಎರಡು ಜಾಗಗಳ ಮಧ್ಯೆ 146.6 ಕಿಲೋಮೀಟರ್ ರಸ್ತೆಗೆ ಒಂದೇ ಒಂದು ತಿರುವು ಇಲ್ಲ. ಅದಕ್ಕೂ ಮೊದಲು ಯೂಕ್ಲಾ ಹತ್ತಿರ ಗಡಿಯಾರವೇ ಮುಕ್ಕಾಲು ಗಂಟೆ ಹಿಂದೆ ಹೋಗುತ್ತದೆ. ದಾರಿಯಲ್ಲಿ ಪೆಟ್ರೋಲು, ಊಟ ಸಿಗುವ ರೋಡ್‌ಹೌಸುಗಳಲ್ಲಿ ನೀರೇ ದೊಡ್ಡ ವಸ್ತು, ಕ್ಯಾನ್ ತುಂಬಿಸಿಕೊಳ್ಳುತ್ತೇವೆ ಎಂದು ಹೋಗುವ ಹಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ಎಲ್ಲ ಕಿತ್ತು ಬಿಸಾಡಿಸುತ್ತಾರೆ. ಹಾಗಾಗಿ ಆ ಭಾಗಕ್ಕೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು. ದೋಸೆ ಹಿಟ್ಟು ಬೇಡ ಎಂದು ಇಬ್ಬರೂ ಒಪ್ಪಿದ್ದೇವೆ. ಕುಕ್ಕರ್ ಬೇಡ ಎಂದು ಇವರು ಒಬ್ಬರೇ ಒಪ್ಪಿದ್ದಾರೆ.

ಕ್ಯಾನ್ ಎರಡೇ ಸಾಕು, ಇನ್ನೊಂದು ಅಂದರೆ ಗಾಡಿಗೆ ಭಾರ ಜಾಸ್ತಿ, ಬದಲಿಗೆ ಕಡಿಮೆ ಬಳಸುವುದು ಕಲಿಯಬೇಕು ಅಂತ ನಾನು ಹಟ ಹಿಡಿದಿದ್ದೆ. ಕಳೆದ ಭಾನುವಾರ ಡ್ರೈವ್‌ವೇಯಲ್ಲಿ ಸಾಮಾನೆಲ್ಲ ತುಂಬಿಸಿ ನೋಡುವಾಗ ಹಿಂದಿನ ಸೀಟಿನ ಮೇಲಿದ್ದ ಕಂಬಳಿ ಎತ್ತಿದೆ. ಕೆಳಗೆ ಹತ್ತು ಲೀಟರಿನ ಹೊಸ ಕ್ಯಾನ್, ತುಂಬಿದ್ದು. ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಕಂಬಳಿಯನ್ನು ಇದ್ದ ಹಾಗೇ ಮುಚ್ಚಿದೆ. ಪಕ್ಕದಲ್ಲೇ ನನ್ನ ಬಟ್ಟೆ ಚೀಲದ ತಳದಲ್ಲಿ ಲೆಕ್ಕಕ್ಕಿಂತ ಎರಡು ಕೆಜಿ ಜಾಸ್ತಿ ಹುರಿಹಿಟ್ಟು ಇದೆ.