ಹೂ ಇಲ್ಲದ ತಿಂಗಳಲ್ಲಿ ನಿಮಗೇನು ಕೆಲಸ?

ನಾನು ಪಾರ್ಕಿನಲ್ಲಿ ತೋಟದ ಕೆಲಸ ಮಾಡುತ್ತೇನೆ. ಜನ ನನಗೆ ಕೇಳುವ ಪ್ರಶ್ನೆ ಒಂದೇ. "ಹೂವೆಲ್ಲ ಮುಗೀತಲ್ಲ, ಇನ್ನು ನಿಮಗೇನು ಕೆಲಸ?" ಕೆಲವರು "ಈಗ ರಜಾನಾ?" ಅನ್ನುತ್ತಾರೆ. ಇನ್ನು ಕೆಲವರು "ಆರಾಮಾಗಿದ್ದೀರಿ ಬಿಡಿ" ಎಂದು ಉತ್ತರವನ್ನೂ ತಾವೇ ಹೇಳಿ ಮುಂದೆ ಹೋಗುತ್ತಾರೆ. ಇಷ್ಟು ವರ್ಷ ನಗುನಗುತ್ತಾ ಉತ್ತರ ಕೊಟ್ಟೆ. ಸಾಕಾಗಿದೆ. ಬರೆದುಬಿಡುತ್ತೇನೆ.

ನೀವು ನೋಡುವ ಹೂ ಈ ತಿಂಗಳ ಕೆಲಸ ಅಲ್ಲ. ಚೆಂಡುಹೂ ಬೀಜದಿಂದ ಹೂವಿಗೆ ಬರಲು 8ರಿಂದ 10 ವಾರ ಬೇಕು. ಪೆಟೂನಿಯಾಗೆ ಇನ್ನೂ ಜಾಸ್ತಿ. ಪೆಟೂನಿಯಾ ಬೀಜ ನೋಡಿದ್ದೀರಾ? ಧೂಳಿನ ಹಾಗೆ ಇರುತ್ತದೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ಮಣ್ಣಲ್ಲಿ ಮುಚ್ಚುವ ಹಾಗೂ ಇಲ್ಲ, ಮೊಳೆಯಲು ಅದಕ್ಕೆ ಬೆಳಕು ಬೇಕು. ಟ್ರೇನಲ್ಲಿ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಒಣಗದ ಹಾಗೆ, ಕೊಚ್ಚಿಹೋಗದ ಹಾಗೆ ನೀರು ಚಿಮುಕಿಸುತ್ತಾ ಕಾಯಬೇಕು. ನೀವು ರಜಾನಾ ಎಂದು ಕೇಳುವ ಹೊತ್ತಿಗೆ ನಾವು ಮುಂದಿನ ಹೂವಿನ ಪಕ್ಕ ಕೂತಿರುತ್ತೇವೆ.

ಒಂದು ಬೆಳಿಗ್ಗೆ ಖಾಲಿ ಪಾತಿಯಲ್ಲಿ ಮಂಡಿಯೂರಿ ಕಳೆಯ ಬೇರು ಆರಿಸುತ್ತಿದ್ದೆ. ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ಹತ್ತಿರ ಬಂದು ನಿಂತರು. "ಏನಪ್ಪಾ, ಹೂವೇ ಇಲ್ಲ, ಸುಮ್ನೆ ಮಣ್ಣು ಕೆದಕ್ತಾ ಇದ್ದೀಯಲ್ಲ?" ಅವರು ಮಾತಾಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಅವರ ಶೂಗಳನ್ನು. ಎರಡೂ ಕಾಲು ಪಾತಿಯೊಳಗಿದ್ದವು.

ಆ ಪಾತಿಯನ್ನು ಹಿಂದಿನ ದಿನವಷ್ಟೇ ಅಗೆದಿದ್ದೆ. ಅದಕ್ಕೂ ಮೊದಲು, ಮಳೆ ನಿಂತ ಮೇಲೆ ಮೂರು ದಿನ ಕಾದಿದ್ದೆ. ಹಸಿ ಇದ್ದಾಗಲೇ ಗುದ್ದಲಿ ಹಾಕಿದರೆ ಮಣ್ಣು ಹೆಂಟೆಯಾಗಿ ಏಳುತ್ತದೆ, ಒಣಗಿದ ಮೇಲೆ ಕಲ್ಲು. ಹದ ಬರಬೇಕು. ಮುಷ್ಟಿಯಲ್ಲಿ ಅಮುಕಿದರೆ ಉಂಡೆ ಕಟ್ಟಬೇಕು, ಆ ಉಂಡೆಯನ್ನು ಹೆಬ್ಬೆರಳಿಂದ ಒತ್ತಿದರೆ ಉದುರಬೇಕು. ಆ ಹದ ಒಂದೆರಡು ದಿನ ಇರುತ್ತದೆ. ತಪ್ಪಿಸಿಕೊಂಡರೆ ಮತ್ತೆ ಕಾಯಬೇಕು.

"ಸ್ವಲ್ಪ ಈ ಕಡೆ ಬರ್ತೀರಾ ಸರ್?" ಎಂದೆ. ಪಕ್ಕಕ್ಕೆ ಸರಿದರು. ಅಗೆದ ಜಾಗಕ್ಕೆ ಬೆರಳು ಚುಚ್ಚಿ ತೋರಿಸಿದೆ, ಪೂರ್ತಿ ಇಳಿಯಿತು. ಅವರ ಹೆಜ್ಜೆ ಗುರುತಿನಲ್ಲಿ ಚುಚ್ಚಿದೆ, ಉಗುರು ಮುಳುಗುವಷ್ಟಕ್ಕೆ ನಿಂತಿತು. ಮಣ್ಣಿನೊಳಗೆ ಸಣ್ಣ ಸಣ್ಣ ಸಂದು ಇರುತ್ತವೆ, ನೀರು ಮತ್ತು ಗಾಳಿ ಬೇರಿಗೆ ಸಿಗುವುದು ಅಲ್ಲಿಂದ, ತುಳಿದರೆ ಆ ಸಂದುಗಳೇ ಮುಚ್ಚಿಹೋಗುತ್ತವೆ ಎಂದು ಹೇಳಿದೆ. ಅವರು ಕೇಳಿಸಿಕೊಂಡರು. "ಇಷ್ಟಕ್ಕೇನಪ್ಪಾ, ಮತ್ತೆ ಅಗೆದರಾಯ್ತು" ಎಂದು ನಡೆದರು.

ಅಗೆದೆ. ಆದರೆ ಆ "ಸುಮ್ನೆ" ಇದೆಯಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ತರಗೆಲೆ ಗುಡಿಸಿ ಗುಂಡಿಗೆ ಹಾಕಿ ಗೊಬ್ಬರ ಮಾಡುವುದು ಸುಮ್ನೆ ಅಲ್ಲ. ನಡೆದು ನಡೆದು ಗಟ್ಟಿಯಾದ ಹುಲ್ಲುಹಾಸಿಗೆ ಫೋರ್ಕ್ ಚುಚ್ಚಿ ಗಾಳಿ ಆಡುವ ಹಾಗೆ ಮಾಡುವುದು ಸುಮ್ನೆ ಅಲ್ಲ. ಎಲೆ ಉದುರಿದ ಮರ ಸವರುವುದಂತೂ ಖಂಡಿತ ಸುಮ್ನೆ ಅಲ್ಲ. ಎಲೆ ಇಲ್ಲದಾಗಲೇ ಯಾವ ಕೊಂಬೆ ಯಾವುದಕ್ಕೆ ಉಜ್ಜುತ್ತಿದೆ ಎಂದು ಕಾಣುವುದು. ಆಗ ಇದೇ ಜನ "ಅಯ್ಯೋ, ಚೆನ್ನಾಗಿರೋ ಮರ ಯಾಕೆ ಕಡೀತೀರಿ?" ಎಂದು ಬರುತ್ತಾರೆ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಗರಗಸ ಇಡಬೇಕಾದದ್ದು ಅದರ ಹೊರಗೆ. ಉಬ್ಬನ್ನೂ ಸೇರಿಸಿ ನುಣ್ಣಗೆ ಕೊಯ್ದರೆ ನೋಡಲು ಚೆಂದ, ಮರಕ್ಕೆ ಕೇಡು. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ಒಳಗೆ ನೋಡಿದವರು. ನಮ್ಮ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಮೇಲೆ ಹೊಸದಾಗಿ ಬೆಳೆಯುತ್ತದೆ ಎಂದು 1977ರಲ್ಲೇ ಬರೆದರು. ಗಾಯ ಒಳಗೇ ಉಳಿಯುತ್ತದೆ. ಇದು ಗೊತ್ತಾದ ಮೇಲೆ ನನಗೆ ಒಂದು ಕೊಂಬೆ ತೆಗೆಯಲೂ ಮೊದಲಿನಷ್ಟು ಧೈರ್ಯ ಬರುವುದಿಲ್ಲ. ಸುತ್ತ ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ಗರಗಸ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. "ಆ ಎಳೆ ಮರಕ್ಕೆ ಕಟ್ಟಿರೋ ಹಗ್ಗ ಯಾವಾಗ ಬಿಚ್ತೀರಿ?" ಯಾರಾದರೂ ಹೀಗೆ ಕೇಳಿದರೆ ಕೆಲಸ ಬಿಟ್ಟು ಅವರ ಜೊತೆ ಕೂರುತ್ತೇನೆ.

ಹಿಂದೆ ಇನ್ನೊಂದು ಪಾರ್ಕಿನಲ್ಲಿದ್ದೆ. ಅಲ್ಲಿ ನಮ್ಮನ್ನು ತೆಗೆದುಕೊಳ್ಳುತ್ತಿದ್ದದ್ದು ಹೂವಿನ ತಿಂಗಳುಗಳಿಗೆ ಮಾತ್ರ. ಹೂ ಮುಗಿದರೆ ಲೆಕ್ಕ ಚುಕ್ತಾ, ಮನೆಗೆ ಹೋಗಿ. ಹೂವಿಲ್ಲದಾಗ ಇವರಿಗೇನು ಕೆಲಸ ಎಂದು ಅವರೂ ಅಂದುಕೊಂಡಿದ್ದರು. ನಾವು ನೆಟ್ಟ ಎಳೆ ಮರಗಳಿಗೆ ಊರುಗೋಲು ಕೊಟ್ಟು ನೈಲಾನ್ ಹಗ್ಗದಲ್ಲಿ ಕಟ್ಟಿದ್ದೆವು. ಕಾಂಡ ದಪ್ಪ ಆದ ಹಾಗೆ ಕಟ್ಟು ಸಡಿಲಿಸಬೇಕು, ಬೇರು ಹಿಡಿದ ಮೇಲೆ ಬಿಚ್ಚಿಯೇ ಬಿಡಬೇಕು. ಐದು ನಿಮಿಷದ ಕೆಲಸ. ಮಾಡಲು ಯಾರೂ ಇರಲಿಲ್ಲ.

ಮತ್ತೆ ಕರೆದಾಗ ಹೋಗಿ ನೋಡಿದೆ. ಒಂದು ಮರದಲ್ಲಿ ಹಗ್ಗವೇ ಕಾಣಲಿಲ್ಲ. ಬಿಚ್ಚಿದ್ದಾರೆ ಎಂದುಕೊಂಡೆ. ಕೈಯಾಡಿಸಿದರೆ ಸೊಂಟದ ಎತ್ತರಕ್ಕೆ ಕಾಂಡದ ಸುತ್ತ ತಗ್ಗು, ಅದರ ಮೇಲೆ ದಪ್ಪನೆಯ ಉಬ್ಬು. ಹಗ್ಗ ತೊಗಟೆಯೊಳಗೆ ಇಳಿದಿತ್ತು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ. ಸುತ್ತಲೂ ಪೂರ್ತಿ ಬಿಗಿದಿದ್ದರೆ ಮರ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಬದಿಯಲ್ಲಿ ನಾಲ್ಕು ಬೆರಳಿನಷ್ಟು ತೊಗಟೆ ಉಳಿದಿತ್ತು. ಚಾಕುವಿನ ತುದಿಯಿಂದ ಎಷ್ಟು ಸಿಕ್ಕಿತೋ ಅಷ್ಟು ಹಗ್ಗ ಕಿತ್ತೆ. ಉಳಿದದ್ದನ್ನು ಎಳೆದರೆ ತೊಗಟೆಯೂ ಕಿತ್ತು ಬರುತ್ತಿತ್ತು, ಅಲ್ಲೇ ಬಿಟ್ಟೆ.

ಮರ ಬದುಕಿದೆ. ಈಗ ಅದರ ಕೆಳಗೆ ಒಂದು ಬೆಂಚೂ ಇದೆ. ನಾನು ಆ ಪಾರ್ಕ್ ಬಿಟ್ಟು ಬಹಳ ದಿನ ಆಯಿತು. ಆದರೂ ಜೋರು ಗಾಳಿ ಬೀಸಿದ ಮರುದಿನ ಹೋಗಿ ಆ ಉಬ್ಬಿನ ಹತ್ತಿರ ಬಿರುಕು ಬಿಟ್ಟಿದೆಯಾ ಎಂದು ನೋಡಿಕೊಂಡು ಬರುತ್ತೇನೆ.