ಗೊಡಚಿನಮಲ್ಕಿಗೆ ಹೋಗೋದಾದ್ರೆ: ಡ್ಯಾಂ ನೀರು ಕೇಳಿಕೊಳ್ಳಿ, ಟಂಟಂ ದರ ಮೊದಲೇ ಮಾತಾಡಿ

ಗೋಕಾಕಕ್ಕೆ ಬಂದವರು ದೊಡ್ಡ ಫಾಲ್ಸ್ ನೋಡಿ, ತೂಗು ಸೇತುವೆ ಎದುರು ಫೋಟೋ ತೆಗೆಸಿಕೊಂಡು, ಕರದಂಟು ಕಟ್ಟಿಸಿಕೊಂಡು ಊರಿಗೆ ಹೊರಡುತ್ತಾರೆ. ಹೊತ್ತು ಉಳಿದರೆ ಮಾತ್ರ ಗೊಡಚಿನಮಲ್ಕಿ ಫಾಲ್ಸ್. ಮಧ್ಯಾಹ್ನ ಮೂರು ಗಂಟೆಗೆ ಸುಸ್ತಾಗಿ ಹೋಗಿ, ಹತ್ತು ನಿಮಿಷ ನಿಂತು ‘ಇಷ್ಟೇನಾ’ ಅಂದು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಜಾಗಕ್ಕೆ ಬೆಳಗಿನ ಹೊತ್ತು ಕೊಡಿ, ವಾರದ ನಡುವೆ ಕೊಡಿ. ಗೋಕಾಕ ಫಾಲ್ಸ್ ಬೇಕಾದರೆ ಸಂಜೆ ನೋಡಬಹುದು. ಅದು ರಸ್ತೆ ಪಕ್ಕದಲ್ಲೇ ಇದೆ, ಎಲ್ಲಿಗೂ ಹೋಗಲ್ಲ.

ಮೊದಲು ನೀರಿನ ವಿಷಯ, ಯಾಕಂದ್ರೆ ಜಾಸ್ತಿ ಜನ ಮೋಸ ಹೋಗೋದು ಇಲ್ಲೇ. ಇದು ಮಾರ್ಕಂಡೇಯ ನದಿ. ಖಾನಾಪುರ ತಾಲ್ಲೂಕಿನ ಬೈಲೂರು ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಕಾಕತಿ ಮೇಲೆ ಹಾದು, ಹುಕ್ಕೇರಿ ತಾಲ್ಲೂಕಿನ ಶಿರೂರು ಡ್ಯಾಂ ದಾಟಿ ಇಲ್ಲಿ ಧುಮುಕುತ್ತದೆ. ಆಮೇಲೆ ಗೋಕಾಕದ ಹತ್ತಿರ ಘಟಪ್ರಭೆಗೆ ಸೇರುತ್ತದೆ. ಅಂದ್ರೆ ಗೋಕಾಕದ ಆಕಾಶ ನೋಡಿ ಲೆಕ್ಕ ಹಾಕೋಕೆ ಬರಲ್ಲ. ನಾವು ಹೋದಾಗ ಗೋಕಾಕದಲ್ಲಿ ರಣ ಬಿಸಿಲು, ಬಸ್ ಸ್ಟ್ಯಾಂಡಿನಲ್ಲಿ ಧೂಳು ಏಳುತ್ತಿತ್ತು. ಫಾಲ್ಸ್ ಮಾತ್ರ ಮೈತುಂಬಿ ಸುರಿಯುತ್ತಿತ್ತು. ಬೆಳಗಾವಿ, ಖಾನಾಪುರ ಕಡೆ ವಾರಗಟ್ಟಲೆ ಮಳೆ ಹಿಡಿದಿತ್ತು, ಅದರ ನೀರು ಅದು. ಉಲ್ಟಾನೂ ಆಗುತ್ತದೆ. ಗೋಕಾಕದಲ್ಲಿ ಮಳೆ ಸುರಿದ ದಿನ ಹೋದರೂ, ಮೇಲೆ ಡ್ಯಾಂನಿಂದ ನೀರು ಬಿಡದಿದ್ದರೆ ಬಂಡೆ ಮೇಲೆ ಎರಡು ಎಳೆ ನೀರು ಕಾಣುತ್ತದೆ, ಅಷ್ಟೇ. ಜುಲೈನಿಂದ ಸೆಪ್ಟೆಂಬರ್ ಒಳ್ಳೆ ಕಾಲ. ಆಗಲೂ ಪಾಶ್ಚಾಪುರ, ಹುಕ್ಕೇರಿ ಕಡೆ ಯಾರಾದರೂ ಪರಿಚಯದವರಿದ್ದರೆ ಒಂದು ಫೋನ್ ಹಾಕಿ, ಶಿರೂರು ಡ್ಯಾಂನಿಂದ ನೀರು ಬಿಟ್ಟಿದ್ದಾರಾ ಅಂತ ಕೇಳಿಕೊಂಡೇ ಹೊರಡಿ.

ಇನ್ನು ಟಂಟಂ, ಅಂದ್ರೆ ದೊಡ್ಡ ಶೇರ್ ಆಟೋ, ಅದರ ಕಥೆ. ನಮ್ಮ ಜೊತೆ ಚಿಕ್ಕಮ್ಮ ಇದ್ದರು, ಅವರಿಗೆ ಮೊಣಕಾಲು ನೋವು. ಬಸ್ಸಿಗೆ ಕಾಯೋದು ಬೇಡ ಅಂತ ಗೋಕಾಕದಲ್ಲಿ ಒಂದು ಟಂಟಂ ಮಾತಾಡಿದೆವು. ಸುಮಾರು 15 ಕಿಲೋಮೀಟರ್ ದಾರಿ. ಹೋಗಿ ಬರೋಕೆ, ಅಲ್ಲಿ ಕಾಯೋದೂ ಸೇರಿ, 600 ರೂಪಾಯಿ ಅಂತ ಅವನೇ ಬಾಯಿಬಿಟ್ಟು ಹೇಳಿದ. ಹತ್ತಿ ಕೂತೆವು. ಊರು ದಾಟುವ ಮುಂಚೆ ಡೀಸೆಲ್ ಹಾಕಿಸಬೇಕು ಅಂತ 300 ತಗೊಂಡ. ಸರಿ, ಕೊಡಬೇಕಾದದ್ದೇ. ಸ್ವಲ್ಪ ಮುಂದೆ ನಿಲ್ಲಿಸಿ ಎರಡು ಗೊಬ್ಬರದ ಚೀಲ ಹತ್ತಿಸಿದ. ಅದರ ಹಿಂದೆ ಮೂವರು ಹತ್ತಿದರು. ಚಿಕ್ಕಮ್ಮ ಕಾಲು ಚಾಚಿ ಕೂರಲಿ ಅಂತಲೇ ಇಡೀ ಗಾಡಿ ಮಾತಾಡಿದ್ದೆವು. ಈಗ ಅವರ ಕಾಲ ಮೇಲೆ ಗೊಬ್ಬರದ ಚೀಲ. ಹತ್ತಿದವರೂ ಪಾಪ ದುಡ್ಡು ಕೊಟ್ಟೇ ಹತ್ತಿದ್ದರು, ಅವರಿಗೆ ಏನು ಹೇಳೋದು? ಊರಿನ ಹತ್ತಿರ ಬಂದ ಮೇಲೆ ‘ಮುಂದ ಕಾಡಿನ ದಾರಿ ಐತ್ರಿ, ಗಾಡಿ ಹೋಗೂದಿಲ್ಲ’ ಅಂತ ಇಳಿಸಿಬಿಟ್ಟ. ನಾವು ಇಳಿದು ನಡೆಯುತ್ತಿದ್ದ ಹಾಗೇ ಬೇರೆ ಗಾಡಿಗಳು ನಮ್ಮನ್ನು ದಾಟಿ ಮುಂದೆ ಹೋದವು.

ವಾಪಸ್ ಬಂದಾಗ ಹೊಸ ರಾಗ. ಕಾಯೋದಕ್ಕೆ ಬೇರೆ ದುಡ್ಡು, ಗಂಟೆಗೆ ನೂರು. ‘ಕಾಯೂದು ಅಂದ್ರ ಅರ್ಧ ತಾಸು ಅಂತ ತಿಳ್ಕೊಂಡಿದ್ನಿರಿ’ ಅಂದ. ಅಲ್ಲಿ ಬೇರೆ ಗಾಡಿ ಇರಲಿಲ್ಲ, ಬಿಸಿಲು ಏರಿತ್ತು. ಒಟ್ಟು 900 ಕೊಟ್ಟು ಬಂದೆವು. ದುಡ್ಡು ಹೋದದ್ದಕ್ಕಿಂತ, ವಯಸ್ಸಾದವರು ಜೊತೆಗಿದ್ದಾರೆ ಅಂತ ಗೊತ್ತಿದ್ದೂ ಹಾಗೆ ಮಾಡಿದ್ದು ನನಗೆ ಇವತ್ತಿಗೂ ಬೇಜಾರು. ಎಲ್ಲರೂ ಹೀಗಿರಲ್ಲ. ಸಂಜೆ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದ ಆಟೋದವರು ಚಿಲ್ಲರೆ ಹತ್ತು ರೂಪಾಯಿ ಹುಡುಕಿ ವಾಪಸ್ ಕೊಟ್ಟರು. ಆದರೂ ನೀವು ಗಾಡಿ ಹತ್ತುವ ಮುಂಚೆ ಇಷ್ಟು ಮಾತಾಡಿಕೊಳ್ಳಿ: ಎಲ್ಲಿಯವರೆಗೆ ಬಿಡುತ್ತಾನೆ, ಎಷ್ಟು ತಾಸು ಕಾಯುತ್ತಾನೆ, ನಡುವೆ ಯಾರನ್ನೂ ಹತ್ತಿಸಬಾರದು. ಮುಂಗಡ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಸ್ವಂತ ಬೈಕ್ ಇದ್ದರೆ ಈ ತಾಪತ್ರಯ ಯಾವುದೂ ಇಲ್ಲ. ಬೆಳಗಾವಿಯಿಂದ ಸುಮಾರು 40 ಕಿಲೋಮೀಟರ್, ಆರಾಮಾಗಿ ಬರಬಹುದು.

ಗಾಡಿಯವನು ಇಳಿಸಿದ್ದರಿಂದ ಒಂದು ಒಳ್ಳೆಯದೂ ಆಯಿತು, ಕಾಡಿನ ದಾರಿ ನಡೆದೆವು. ಊರಿನಿಂದ ಎರಡು, ಎರಡೂವರೆ ಕಿಲೋಮೀಟರ್ ಇರಬಹುದು. ಏರು ಇಲ್ಲ ಅಂತಲೇ ಹೇಳಬೇಕು. ಚಿಕ್ಕಮ್ಮ ಕೋಲು ಊರಿಕೊಂಡು ನಡೆದರು, ನಡುವೆ ಕೂತು ಎದ್ದರು, ತಲುಪಿದರು. ಮಲೆನಾಡಿನ ದಟ್ಟ ಕಾಡು ಅಂದುಕೊಂಡು ಬರಬೇಡಿ. ಇದು ಬಯಲುಸೀಮೆಯ ಕುರುಚಲು ಕಾಡು. ಜಾಲಿ, ಕಕ್ಕೆ, ಮುಳ್ಳುಕಂಟಿ, ನಡುವೆ ಮರಳುಗಲ್ಲಿನ ಬಂಡೆಗಳು. ಮಳೆಗಾಲದಲ್ಲಿ ಮಾತ್ರ ಅದೆಲ್ಲ ಹಸಿರು ಹೊದ್ದು ಬೇರೆಯೇ ಆಗಿಬಿಡುತ್ತದೆ. ವಿಜಯಪುರದ ಬಯಲಿನಿಂದ ಬಂದ ನಮಗೆ ಇಷ್ಟು ಹಸಿರೇ ಹಬ್ಬ.

ದಾರಿ ಬದಿಯ ಒಂದು ಚಪ್ಪಟೆ ಬಂಡೆ ಹತ್ತಿರ ನಾವು ತುಂಬಾ ಹೊತ್ತು ನಿಂತೆವು. ಅದರ ಮೈಮೇಲೆ ಪೂರ್ತಿ ಅಲೆ ಅಲೆ ಗೆರೆಗಳು, ಹೊಳೆ ದಂಡೆಯ ಉಸುಕಿನ ಮೇಲೆ ಇರುತ್ತವಲ್ಲ, ಹಾಗೆ. ಬೆರಳಾಡಿಸಿದರೆ ಏರಿಳಿತ ಗೊತ್ತಾಗುತ್ತದೆ. ಈ ಕಲ್ಲೆಲ್ಲ ಒಂದು ಕಾಲದಲ್ಲಿ ನೀರಿನ ಕೆಳಗಿದ್ದ ಮರಳು. ನೀರು ಎಳೆದ ಗೆರೆ ಹಾಗೇ ಗಟ್ಟಿಯಾಗಿ ಕಲ್ಲಾಗಿದೆ, ಕೋಟ್ಯಂತರ ವರ್ಷದ ಹಿಂದಿನದು. ಆ ತಗ್ಗುಗಳಲ್ಲಿ ಹಿಂದಿನ ದಿನದ ಮಳೆನೀರು ಗೆರೆಗೆರೆಯಾಗಿ ನಿಂತಿತ್ತು. ಗಾಡಿಯಲ್ಲಿ ಸೀದಾ ಹೋಗುವವರಿಗೆ ಇದು ಕಾಣಲ್ಲ. ಮೊಣಕಾಲು ಗಟ್ಟಿ ಇದ್ದವರು ಹೋಗುವಾಗ ಒಂದು ಸಲವಾದರೂ ನಡೆಯಿರಿ.

ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಕುಡಿಯುವ ನೀರು ಊರಿನಲ್ಲೇ ತುಂಬಿಸಿಕೊಳ್ಳಿ. ನಾವು ನಡೆದ ದಾರಿಯಲ್ಲಿ ಅಂಗಡಿ ಇರಲಿಲ್ಲ, ಫೋನ್ ಸಿಗ್ನಲ್ಲೂ ಬಂದು ಬಂದು ಹೋಗುತ್ತಿತ್ತು.

ಫಾಲ್ಸ್ ಎರಡು ಹಂತದಲ್ಲಿದೆ. ಮೊದಲನೆಯದು ಸುಮಾರು 25 ಮೀಟರ್, ಆಮೇಲೆ ನೀರು ಕಲ್ಲಿನ ಕೊರಕಲಿನಲ್ಲಿ ಸ್ವಲ್ಪ ದೂರ ಹರಿದು ಮತ್ತೆ ಬೀಳುತ್ತದೆ. ಎರಡನೆಯದು ಸ್ವಲ್ಪ ಗಿಡ್ಡ. ಗೋಕಾಕ ಫಾಲ್ಸಿನ 52 ಮೀಟರ್ ನೋಡಿದವರಿಗೆ ಇದು ಚಿಕ್ಕದೇ. ಆದರೆ ಅಲ್ಲಿ ಜನ, ಗಾಡಿ, ಮಿಲ್ಲು, ಭುಟ್ಟಾ ಮಾರುವವರ ಕೂಗು ಎಲ್ಲದರ ನಡುವೆ ನಿಲ್ಲಬೇಕು. ಇಲ್ಲಿ ಕಣಿವೆ ಪೂರ್ತಿ ನೀರಿನ ಸದ್ದೊಂದೇ. ನನಗೆ ಇದೇ ಹೆಚ್ಚು ಇಷ್ಟವಾಯಿತು. ಬಹಳ ಜನ ಮೊದಲನೆಯದನ್ನು ನೋಡಿ ತಿರುಗಿಬಿಡುತ್ತಾರೆ. ದಡದ ಮೇಲೇ ಸ್ವಲ್ಪ ಮುಂದೆ ಹೋಗಿ ಎರಡನೆಯದನ್ನೂ ನೋಡಿ.

ನೀರಿಗೆ ಮಾತ್ರ ಇಳಿಯಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಮೇಲಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ಮಾರ್ಕಂಡೇಯ ಮತ್ತು ಘಟಪ್ರಭೆ ಸೇರಿ ಗೋಕಾಕ ಊರೊಳಗೇ ನುಗ್ಗಿದ್ದವು. ಮಕ್ಕಳಿದ್ದರೆ ಕೈ ಬಿಡಲೇಬೇಡಿ.

ಹತ್ತೂವರೆ ಆಗುವಷ್ಟರಲ್ಲಿ ಹುಡುಗರ ಒಂದು ಗುಂಪು ದೊಡ್ಡ ಸ್ಪೀಕರ್ ಹಿಡಿದು ಬಂತು. ಅಲ್ಲಿಗೆ ನಮ್ಮದು ಮುಗಿಯಿತು. ಬಂಡೆಗಳ ಸಂದಿಯಲ್ಲಿ ಒಡೆದ ಬಾಟಲಿ ಚೂರುಗಳೂ ಇದ್ದವು, ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಅದು ಎಷ್ಟು ಅಪಾಯ ಅಲ್ವಾ. ವಾರದ ದಿನವೇ ಹೀಗಾದರೆ ಭಾನುವಾರ ಹೇಗಿರಬಹುದು! ಗದ್ದಲ ಇಷ್ಟಪಡುವವರಿಗೆ ತೊಂದರೆ ಇಲ್ಲ. ನನ್ನಂಥವರು ಏಳು ಗಂಟೆಗೆಲ್ಲ ಅಲ್ಲಿರಬೇಕು.

ಊಟಕ್ಕೆ ಗೋಕಾಕಕ್ಕೇ ಬನ್ನಿ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಸಿಕ್ಕಿತು. ಬೋರ್ಡಿಲ್ಲ, ನಾಲ್ಕೇ ಟೇಬಲ್ಲು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬೀದಿಗೇ ಕೇಳುತ್ತದೆ, ಆ ಸದ್ದು ಹಿಡಿದೇ ನಾವು ಒಳಗೆ ಹೋದದ್ದು. 80 ರೂಪಾಯಿಗೆ ಊಟ. ಒಲೆಯಿಂದ ಇಳಿದ ಜೋಳದ ರೊಟ್ಟಿ, ಉಬ್ಬಿದ್ದು ಇನ್ನೂ ಇಳಿದಿರಲಿಲ್ಲ. ಎಣ್ಣೆಗಾಯಿಯಲ್ಲಿ ಎಳೇ ಬದನೆಕಾಯಿ, ಶೇಂಗಾ ಗುರೆಳ್ಳಿನ ಮಸಾಲೆ ತೊಟ್ಟಿನವರೆಗೂ ಇಳಿದಿತ್ತು. ಮಡಕಿಕಾಳಿನ ಪಲ್ಯ, ಜುಣಕ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ತಟ್ಟೆಯ ತುದಿಗೆ ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಕೆಂಪು ಖಾರವನ್ನು ಬಡಿಸುವ ಅಕ್ಕ ಕೇಳಿಯೇ ಹಾಕಿದರು, ಹೊರಗಿನವರಿಗೆ ತಡೆಯಲ್ಲ ಅಂತ. ಚಿಕ್ಕಮ್ಮ ಎರಡು ಸಲ ಹಾಕಿಸಿಕೊಂಡರು. ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ಮೂರನೆಯದು ಬಿದ್ದಿರುತ್ತಿತ್ತು, ಬೇಡ ಅಂದರೂ ಅರ್ಧ ಮುರಿದು ಹಾಕುತ್ತಿದ್ದರು. ಕೊನೆಗೆ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ಹಿಂದಿನ ರಾತ್ರಿ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಇದರ ಮೂರು ಪಟ್ಟು ಕೊಟ್ಟು ಆರಿದ ಊಟ ಉಂಡಿದ್ದೆವು, ಆ ಸಿಟ್ಟೂ ಇಲ್ಲಿ ಇಳಿಯಿತು. ಎರಡು ಗಂಟೆ ಮೇಲೆ ಹೋದರೆ ಪಲ್ಯ ಖಾಲಿ. ಮಾರ್ಕೆಟ್ಟಿನ ಹಮಾಲರನ್ನು ಕೇಳಿ, ಅವರು ಉಣ್ಣುವ ಜಾಗವೇ ಅದು.

ರೈಲಿನಲ್ಲಿ ಬರುವವರಿಗೆ ಒಂದು ಮಾತು. ಗೋಕಾಕ ರೋಡ್ ಸ್ಟೇಷನ್ ಗೋಕಾಕ ಊರಿಗೆ ಅಂಟಿಕೊಂಡಿಲ್ಲ, ಇಳಿದು ಮತ್ತೆ ಗಾಡಿ ಹಿಡಿಯಬೇಕು. ಗೊಡಚಿನಮಲ್ಕಿ ಒಂದನ್ನೇ ನೋಡುವುದಾದರೆ ಅದೇ ಬೆಳಗಾವಿ–ಮಿರಜ ಲೈನಿನ ಪಾಶ್ಚಾಪುರ ಸ್ಟೇಷನ್ ಹತ್ತಿರ. ಅಲ್ಲಿ ಎಲ್ಲ ರೈಲೂ ನಿಲ್ಲಲ್ಲ, ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ.